ಬಹ್ಗತ್ ಅಫಂದಿಗಳ ಐದನೇ ಕ್ಲಾಸು

ಈಜಿಪ್ಟಿನ ದಮನ್‌ಹೂರ್ ಊರಿನ ಒಂದು ಶಾಲೆಯ ಐದನೇ ಕ್ಲಾಸಿನ ಅಮ್ಮಂದಿರ ವಾಟ್ಸ್ಯಾಪ್ ಗುಂಪಿನಲ್ಲಿ ಸೋಮವಾರ ಮಧ್ಯಾಹ್ನ ಒಂದು ಪ್ರಬಂಧದ ಫೋಟೋ ಬಂದು ಬಿತ್ತು. ಹಾಕಿದವರು ಅರೇಬಿಕ್ ಪಾಠದ ಮಿಸ್ ನಗ್ಲಾ. ಪ್ರಬಂಧದ ಹೆಸರು 'ಸಮುದ್ರ ತೀರದಲ್ಲಿ ನನ್ನ ಒಂದು ದಿನ'. ಬರೆದವಳು ಸಲ್ಸಬೀಲ್, ವಯಸ್ಸು ಹತ್ತೂವರೆ. ಮೊದಲ ಸಾಲು ಹೀಗಿತ್ತು: 'ಮೇಲ್ಕಂಡ ವಿಷಯಕ್ಕೆ ಸಂಬಂಧಿಸಿದಂತೆ ತಮ್ಮ ಗಮನಕ್ಕೆ ತರಬಯಸುವುದೇನೆಂದರೆ, ನಾವು ತಲುಪಿದಾಗ ಸಮುದ್ರವು ಸ್ಥಳದಲ್ಲೇ ಇತ್ತು.' ಕೊನೆಯ ಸಾಲು: 'ಮುಂದಿನ ಅಗತ್ಯ ಕ್ರಮಕ್ಕಾಗಿ ಸಲ್ಲಿಸಿದೆ.' ಅದರ ಕೆಳಗೆ ದಿನಾಂಕದ ಮೊಹರು. ಮೊಹರಿನ ಮೇಲೆ ಬಾಲ ತಿರುಚಿದ ಸಹಿ.

ಸಹಿ ಸಲ್ಸಬೀಲಳ ತಾತ ಬಹ್ಗತ್ ಅಫಂದಿಗಳದು.

ಅಫಂದಿಗಳು ನೀರಾವರಿ ಕಚೇರಿಯಲ್ಲಿ ಮೂವತ್ತೆಂಟು ವರ್ಷ ಗುಮಾಸ್ತಿಕೆ ಮಾಡಿದವರು. ಅವರ ಕೈ ಒಂದು ಹಾಳೆಯ ತುದಿ ಮುಟ್ಟಿತೆಂದರೆ ಸಹಿ ಹಾಕದೆ ಮೇಲೇಳದು. ಡಾಕ್ಟರು ಔಷಧಿ ಚೀಟಿ ಕೊಟ್ಟರೆ ಅದರಡಿ 'ನೋಡಿದೆ' ಎಂದು ಗೀಚುವರು. ತಮ್ಮದೇ ನಿಕಾಹಿನ ದಿನ ವರನ ಜಾಗದಲ್ಲಿ ಸಹಿ ಹಾಕಿದ ಭರದಲ್ಲಿ ಇಬ್ಬರು ಸಾಕ್ಷಿಗಳ ಜಾಗದಲ್ಲೂ ಹಾಕಿಬಿಟ್ಟದ್ದರಿಂದ, ಮದುವೆ ಬರೆಸುವ ಶೇಖ್ ಸಾಹೇಬರು ಹೊಸ ಕಾಗದ ತರಲು ಓಡಬೇಕಾಯಿತು. ಹೆಂಡತಿ ಅದನ್ನು ಸಾಯುವತನಕ ಆಡಿಕೊಂಡಳು. ಆಕೆ ಹೋದ ಮೇಲೆ ಅಫಂದಿಗಳು ಮಗಳು ರಿಹಾಮಳ ಮನೆಗೆ ಬಂದರು. ದಿನಾಂಕದ ಮೊಹರೂ ಜೊತೆಗೆ ಬಂತು.

ಶಾಲೆ ಶುರುವಾದಾಗ ಮಿಸ್ ನಗ್ಲಾ ಒಂದು ಸುತ್ತೋಲೆ ಕಳಿಸಿದ್ದರು. ಐದನೇ ಕ್ಲಾಸಿನ ಹೋಮ್‌ವರ್ಕು ದಿನಕ್ಕೆ ಐವತ್ತು ನಿಮಿಷ ಮೀರದು, ಮಗು ಸ್ವಂತ ಕೈಯಿಂದಲೇ ಮಾಡಬೇಕು. ಆಮೇಲೆ ಬಂದದ್ದು ದಿನಕ್ಕೆ ಒಂದು ಪ್ರಬಂಧ, ಇಪ್ಪತ್ತು ಲೆಕ್ಕ, ನೈಲ್ ನದಿಯ ನಕ್ಷೆ, ಜೊತೆಗೆ ಥರ್ಮಾಕೋಲಿನಲ್ಲಿ ಜೀರ್ಣಾಂಗ. ಐವತ್ತು ನಿಮಿಷದಲ್ಲಿ ಅನ್ನನಾಳವೂ ಇಳಿಯದು. ಹಾಗಾಗಿ ಊರಿನ ಅಪ್ಪ ಅಮ್ಮಂದಿರೆಲ್ಲ ಮತ್ತೆ ಐದನೇ ಕ್ಲಾಸಿಗೆ ಸೇರಿಕೊಂಡಿದ್ದರು. ಒಬ್ಬ ಹಲ್ಲಿನ ಡಾಕ್ಟರು ರೋಗಿಯ ಬಾಯಿ ತೆರೆಸಿಟ್ಟು ಮಗನ ಪಿರಮಿಡ್ಡಿಗೆ ಪ್ಲಾಸ್ಟರು ಬಳಿದರಂತೆ. ಯಾರ ಮನೆಯಲ್ಲೂ ಮಗು ಬರೆಯುತ್ತಿರಲಿಲ್ಲ. ಅಫಂದಿಗಳ ತಪ್ಪೆಂದರೆ ಸಹಿ ಹಾಕಿದ್ದು.

"ಬಾಬಾ, ನನ್ನ ಮಾನ ತೆಗೆದುಬಿಟ್ರಲ್ಲ!" ರಿಹಾಮ್ ಫೋನನ್ನು ಅವರ ಮೂಗಿಗೆ ಹಿಡಿದಳು. "ನಲವತ್ತೊಂದು ಜನ ಅಮ್ಮಂದಿರು ನಗ್ತಾ ಇದಾರೆ. ಒಬ್ಬಳು ಕೇಳ್ತಾಳೆ, ಸಮುದ್ರಕ್ಕೆ ನೀರು ಬಿಡೋಕೆ ಯಾರ ಮಂಜೂರಾತಿ ಬೇಕು ಅಂತ."

"ಸಮುದ್ರ ನಮ್ಮ ಇಲಾಖೆಗೆ ಬರಲ್ಲಮ್ಮ," ಎಂದರು ಅಫಂದಿಗಳು.

"ತಮಾಷೆ ಸಾಕು. ಈ ತಿಂಗಳ ಹದಿನೈದು ಅಂಕಕ್ಕೂ ಸೊನ್ನೆ ಹಾಕಿದಾರೆ. ಸೊನ್ನೆ ಉಳಿದ್ರೆ ಮುಂದಿನ ವರ್ಷ ಇವಳು ಹಿಂದುಳಿದವರ ಸೆಕ್ಷನ್ನಿಗೆ. ನಾಳೆ ನೀವೇ ಹೋಗಿ ತೆಗೆಸ್ಕೊಂಡು ಬನ್ನಿ. ನಾನು ಆ ಹೆಂಗಸಿನ ಮುಖ ನೋಡಲ್ಲ."

ಸಲ್ಸಬೀಲ್ ಬಾಗಿಲ ಸಂದಿಯಿಂದ ಇಣುಕಿದಳು. "ಗೆದ್ದೋ, ನಾನು ಹೇಳಿರಲಿಲ್ವಾ, ಮೊಹರು ಬೇಡ ಅಂತ?" ತಾತಂದಿರನ್ನು ಆ ಊರಿನ ಮಕ್ಕಳೆಲ್ಲ ಗೆದ್ದೋ ಅನ್ನುತ್ತವೆ, ಈ ಮನೆಯಲ್ಲಿ ಗೆದ್ದದ್ದು ಮಾತ್ರ ಯಾವಾಗಲೂ ಮೊಮ್ಮಗಳೇ.

ಮಂಗಳವಾರ ಅಫಂದಿಗಳು ಇಸ್ತ್ರಿ ಮಾಡಿದ ಕೋಟು ಹಾಕಿ, ಮೊಮ್ಮಗಳ ಕೈ ಹಿಡಿದು, ಮಿಸ್ ನಗ್ಲಾರ ಮೇಜಿನ ಮುಂದೆ ನಿಂತರು. ಮೂವತ್ತೆಂಟು ವರ್ಷ ಜನ ಅವರ ಮೇಜಿನ ಮುಂದೆ ಹೀಗೆಯೇ ನಿಂತಿದ್ದರು. ಎಷ್ಟು ಹೊತ್ತು ನಿಲ್ಲಿಸಬೇಕೆಂಬುದು ಮಿಸ್ಸಿಗೂ ಗೊತ್ತಿತ್ತು.

"ಕೂತ್ಕೊಳ್ಳಿ ಉಸ್ತಾದ್," ಎಂದರು ಕೊನೆಗೆ. "ನಾನೇನು ಕೇಳಿದ್ದೆ? ಮಗೂದು ಕೇಳಿದ್ದೆ. ನೀವು ಕಳಿಸಿದ್ದು ಸರ್ಕಾರದ್ದು."

"ತಪ್ಪಾಯ್ತು ಮಿಸ್. ಸೊನ್ನೆ ನನಗೆ ಕೊಡಿ, ಸಹಿ ಹಾಕಿ ತಗೊಳ್ತೀನಿ. ಅವಳ ಹೆಸರಿಂದ ತೆಗೀರಿ."

"ಹಾಗೆಲ್ಲ ವರ್ಗಾವಣೆ ಆಗಲ್ಲ." ಮಿಸ್ ಒಂದು ಖಾಲಿ ಹಾಳೆ ತೆಗೆದು ಹುಡುಗಿಯ ಮುಂದಿಟ್ಟರು. "ಸಲ್ಸಬೀಲ್, ಇಲ್ಲೇ ಕೂತು ಬರಿ. ಮನೆಯಲ್ಲಿ ನಾನು ಮಾಡುವ ಒಂದು ಕೆಲಸ. ಅರ್ಧ ಗಂಟೆ. ಬರೆದ್ರೆ ಅಂಕ, ಇಲ್ಲಾಂದ್ರೆ ಸೊನ್ನೆ. ಉಸ್ತಾದ್, ನೀವು ಕಿಟಕಿ ಕಡೆ ತಿರುಗಿ."

ಅಫಂದಿಗಳು ತಿರುಗಿದರು. ಈ ಮೂರು ತಿಂಗಳಲ್ಲಿ ಮೊಮ್ಮಗಳು ಒಂದು ಸಾಲು ಬರೆದದ್ದನ್ನು ಅವರು ಕಂಡಿರಲಿಲ್ಲ. ಬೆನ್ನ ಹಿಂದೆ ಪೆನ್ಸಿಲು ನಿಂತಾಗಲೆಲ್ಲ ಅವರ ಉಸಿರೂ ನಿಲ್ಲುತ್ತಿತ್ತು. ಕೈ ಬೆರಳು ಗಾಳಿಯಲ್ಲೇ ಸಹಿ ಹಾಕತೊಡಗಿತು. ಅದನ್ನು ಜೇಬಿನಲ್ಲಿ ಬಂಧಿಸಿದರು.

ಅರ್ಧ ಗಂಟೆ ಮುಗಿದಾಗ ಮಿಸ್ ಹಾಳೆ ಎತ್ತಿ ಗಟ್ಟಿಯಾಗಿ ಓದಿದರು:

'ನಾನು ಮುಲೂಖಿಯ್ಯಾ ಸೊಪ್ಪು ಬಿಡಿಸುತ್ತೇನೆ. ಒಂದೊಂದೇ ಎಲೆ ಕೀಳಬೇಕು, ದಂಟು ಸಿಕ್ಕಿದರೆ ಅಮ್ಮ ಮತ್ತೆ ಮೊದಲಿಂದ ಕೂರಿಸುತ್ತಾಳೆ. ಎರಡು ಕಿಲೋ ಆಗುವಾಗ ಕುತ್ತಿಗೆ ನೋಯುತ್ತದೆ. ನಾಲ್ಕು ಕಿಲೋ ಆಗುವಾಗ ನೋವು ಮರೆತು ನಿದ್ದೆ ಬರುತ್ತದೆ. ಉಗುರಿನ ಹಸಿರು ಗುರುವಾರದ ತನಕ ಹೋಗುವುದಿಲ್ಲ. ನಾವು ತಿನ್ನುವುದು ಒಂದು ಮೊಲದ ಮಾಂಸದ ಜೊತೆ, ಅಮ್ಮ ನನ್ನಿಂದ ಬಿಡಿಸುವುದು ಒಂಬತ್ತು ಮೊಲಕ್ಕೆ ಆಗುವಷ್ಟು. ಉಳಿದದ್ದು ಫ್ರೀಜರಿನಲ್ಲಿ ರಮದಾನಿಗೆ ಕಾಯುತ್ತದೆ.'

ಮಿಸ್ ನಗ್ಲಾ ಹುಡುಗಿಯ ಹೆಬ್ಬೆರಳು ಹಿಡಿದು ನೋಡಿದರು. ಹಸಿರು. ಪುಸ್ತಕ ತೆರೆದು ಸೊನ್ನೆ ಹೊಡೆದುಹಾಕಿ, ಹದಿನೈದು ಎಂದು ಬರೆದರು. ಸಲ್ಸಬೀಲ್ ಚೀಲ ಹೆಗಲಿಗೇರಿಸಿ ಕ್ಲಾಸಿಗೆ ಓಡಿದಳು. ಮಿಸ್ಸಿನ ದನಿ ಮೆತ್ತಗಾಗಿತ್ತು.

"ಉಸ್ತಾದ್, ಇಷ್ಟು ಚೆನ್ನಾಗಿ ಬರೆಯೋ ಹುಡುಗಿಗೆ ಇಷ್ಟು ದಿನ ನೀವ್ಯಾಕೆ ಕೂತು ಬರೆದುಕೊಟ್ರಿ? ಮೊಮ್ಮಗಳು ಅಂದ್ರೆ ಅಷ್ಟು ಮುದ್ದಾ?"

ಅಫಂದಿಗಳು ಕೋಟಿನ ಗುಂಡಿ ಹಾಕಿಕೊಂಡರು.

"ಮುದ್ದು ಗಿದ್ದು ಏನಿಲ್ಲ ಮಿಸ್. ಹೋಮ್‌ವರ್ಕಿಗೆ ಕೂತೋರನ್ನ ನಮ್ಮನೇಲಿ ಸೊಪ್ಪು ಬಿಡಿಸೋಕೆ ಎಬ್ಬಿಸಲ್ಲ."