ದಾನೇಶ್ವರಿಯ ಟ್ರೇ ತಿಂಡಿ

ಗುಂಡ್ಲುಪೇಟೆಯ ಮದುವೆಗಳಲ್ಲಿ ಬೆಳಗಿನ ತಿಂಡಿಗೆ ಉಪ್ಪಿಟ್ಟು ಎಂಬುದು ಬಹಳ ಕಾಲ ಯಾರೂ ತಿದ್ದುಪಡಿ ಮಾಡದ ಕಾನೂನಾಗಿತ್ತು. ಬೀಗರು ಬದಲಾಗುತ್ತಿದ್ದರು, ಛತ್ರ ಬದಲಾಗುತ್ತಿತ್ತು, ಉಪ್ಪಿಟ್ಟು ಮಾತ್ರ ಅದೇ ಮುಖ ಹೊತ್ತು ಬಂದು ಎಲೆಯ ಮೇಲೆ ಕೂರುತ್ತಿತ್ತು. ಆ ಕಾನೂನು ಮುರಿದವಳು ದಾನೇಶ್ವರಿ. ಮುರಿದದ್ದಕ್ಕೆ ಅವಳಿಗೆ ಏನು ದಂಡ ಬಿತ್ತು ಎಂಬುದೇ ಈ ಕತೆ.

ದಾನೇಶ್ವರಿ ಹುಟ್ಟಿದ್ದು ಕುದೇರಿನಲ್ಲಿ. ಮದುವೆಗೆ ಮುಂಚೆ ಚಾಮರಾಜನಗರದ ಒಂದು ಕಾನ್ವೆಂಟಿನ ಹಾಸ್ಟೆಲಿನಲ್ಲಿ ಹೆಣ್ಣುಮಕ್ಕಳಿಗೆ ಹೊಲಿಗೆ ಹೇಳಿಕೊಡುತ್ತಿದ್ದಳು. ಅಲ್ಲಿ ಅಡುಗೆಮನೆ ನೋಡಿಕೊಳ್ಳುತ್ತಿದ್ದ ಮಲಯಾಳಿ ಸಿಸ್ಟರೊಬ್ಬರು ಭಾನುವಾರಕ್ಕೆಂದು ಒಂದು ತಿಂಡಿ ಮಾಡುತ್ತಿದ್ದರು. ಹಿಂದಿನ ಸಂಜೆಯೇ ದೊಡ್ಡ ತಟ್ಟೆಯಲ್ಲಿ ಬ್ರೆಡ್ಡು ಹಾಸಿ, ಮೇಲೆ ತರಕಾರಿ ಹರಡಿ, ಹಾಲು ಮೊಟ್ಟೆ ಕಲಕಿ ಹೊಯ್ದು ಮುಚ್ಚಿಟ್ಟರೆ ಮುಗಿಯಿತು. ಬೆಳಿಗ್ಗೆ ಓವನ್ನಿಗೆ ತಳ್ಳಿ ಪ್ರಾರ್ಥನೆ ಮುಗಿಸಿ ಬರುವಷ್ಟರಲ್ಲಿ ಇಡೀ ಹಾಸ್ಟೆಲಿಗೆ ತಿಂಡಿ ಸಿದ್ಧ. ತಿರುವುವುದಿಲ್ಲ, ಕೆದಕುವುದಿಲ್ಲ, ಬಾಣಲೆಯ ಮುಂದೆ ನಿಂತು ಬೆವರುವುದಿಲ್ಲ. ಇದಕ್ಕೆ ಕ್ಯಾಸರೋಲ್ ಎನ್ನುತ್ತಾರೆ ಎಂದು ಸಿಸ್ಟರು ಹೇಳಿದಾಗ ದಾನೇಶ್ವರಿ ನಕ್ಕುಬಿಟ್ಟಳು. ಅವಳಿಗೆ ಗೊತ್ತಿದ್ದ ಕ್ಯಾಸರೋಲ್ ಚಪಾತಿ ಬಿಸಿಯಾಗಿಡುವ ಡಬ್ಬಿ; ಮದುವೆಗೆ ಬಂದವರೆಲ್ಲ ಒಬ್ಬರನ್ನೊಬ್ಬರು ಕೇಳದೆ ತಂದುಕೊಟ್ಟು, ಹೊಸ ಹೆಣ್ಣಿನ ಮನೆಯ ಅಟ್ಟ ತುಂಬಿಸುತ್ತಿದ್ದ ಡಬ್ಬಿ.

ಲಿಂಗಾಯತರ ಮನೆಯ ಹುಡುಗಿ, ಆ ತಿಂಡಿಯನ್ನು ಬಾಯಿಗಿಡಲಿಲ್ಲ. ಆದರೆ ಮಾಡುವ ಬಗೆಯನ್ನು ಕಣ್ಣಲ್ಲೇ ಕಟ್ಟಿಕೊಂಡು ಬಂದಳು. ಮೊಟ್ಟೆಯ ಜಾಗಕ್ಕೆ ಕಡಲೆಹಿಟ್ಟು, ಗಟ್ಟಿ ಮೊಸರು, ಚಿಟಿಕೆ ಸೋಡ. ಸಿಸ್ಟರ ಮೆಣಸಿನಪುಡಿಯ ಜಾಗಕ್ಕೆ ಹಸಿಮೆಣಸಿನಕಾಯಿ, ಶುಂಠಿ, ಕೈತುಂಬ ಕೊತ್ತಂಬರಿ. ಗುಂಡ್ಲುಪೇಟೆಯ ಹೈಸ್ಕೂಲೊಂದರಲ್ಲಿ ಗುಮಾಸ್ತನಾಗಿದ್ದ ಮಾದಪ್ಪನನ್ನು ಮದುವೆಯಾಗಿ ಬಂದ ಮೇಲೂ ಅದು ಅವಳ ತಲೆಯಲ್ಲೇ ಬೇಯುತ್ತಿತ್ತು. ತಲೆಯಲ್ಲಿ ಮಾತ್ರ, ಏಕೆಂದರೆ ಓವನ್ ಇರಲಿಲ್ಲ.

ಓವನ್ ಬಂದದ್ದು ತಮ್ಮ ಮೃತ್ಯುಂಜಯನ ರೂಪದಲ್ಲಿ. ಅವನು ಕುದೇರಿನಿಂದ ಬಂದು, ಅಕ್ಕನ ಮನೆಯಲ್ಲೇ ಉಂಡು ಮಲಗಿ, ಬಸ್ ಸ್ಟ್ಯಾಂಡಿನ ಹಿಂದೆ ಬೇಕರಿ ಇಟ್ಟ. ಕೇರಳದಿಂದ ಬ್ರೆಡ್ಡು ಬೇಯಿಸುವ ಮಾಸ್ತರನೊಬ್ಬನನ್ನು ಕರೆತಂದು ಸೌದೆಯ ಭಟ್ಟಿ ಕಟ್ಟಿಸಿದ. ಹೆಸರಿಗೆ ತಕ್ಕ ಬೇಕರಿ. ಅಲ್ಲಿ ಬ್ರೆಡ್ಡಿಗೆ ಸಾವೆಂಬುದೇ ಇರಲಿಲ್ಲ. ಮಾರದೆ ಉಳಿದದ್ದು ರಸ್ಕಾಗುತ್ತಿತ್ತು, ರಸ್ಕಾಗದೆ ಉಳಿದದ್ದು ಅಕ್ಕನ ಟ್ರೇಗೆ ಹೋಗುತ್ತಿತ್ತು. ಅಕ್ಕನಿಗೆಂದೇ ಮೂಲೆಗೆ ಕೆಂಪು ಬಣ್ಣ ಬಳಿದ ಟ್ರೇಗಳನ್ನು ಎತ್ತಿಟ್ಟಿದ್ದ.

"ನಿನ್ ಟ್ರೇನೇ ಬ್ಯಾರೆ, ನಮ್ ಟ್ರೇನೇ ಬ್ಯಾರೆ ಕಣಕ್ಕ. ಮೊಟ್ಟೆ ಪಪ್ಸು ಇಟ್ಟಿದ್ರಲ್ಲಿ ನಿಂದ್ ಇಡ್ಸಿದ್ರೆ ಕೇಳು" ಎಂದಿದ್ದ.

ಸಂಜೆ ಅವಳು ಮನೆಯಲ್ಲಿ ಟ್ರೇ ತುಂಬಿ ಕಳಿಸುವುದು, ನಸುಕಿನಲ್ಲಿ ಅವನು ಬೇಯಿಸಿ ಲಗೇಜ್ ಆಟೊದಲ್ಲಿ ಛತ್ರಕ್ಕೆ ತಲುಪಿಸುವುದು. ನಡುವಿನ ಆ ಹೊತ್ತು ದಾನೇಶ್ವರಿಗೆ ಸ್ನಾನದ್ದು, ಲಿಂಗಪೂಜೆಯದ್ದು. ಹಾಗಾಗಿ ತನ್ನ ತಿಂಡಿ ಬೇಯುವುದನ್ನು ಅವಳು ಒಂದು ದಿನವೂ ಕಂಡವಳಲ್ಲ.

ಮೊದಮೊದಲು ಜನ ಮರ್ಯಾದೆಗೆ ತಿಂದರು. ಆಮೇಲೆ ಒಂದು ಮದುವೆಯಲ್ಲಿ ಇದ್ದಕ್ಕಿದ್ದಂತೆ ಎರಡನೇ ಸಲ ಹಾಕಿಸಿಕೊಂಡರು. ಅಲ್ಲಿಂದ ಮುಂದೆ ಟ್ರೇ ತಿಂಡಿ ಇಲ್ಲದ ಮದುವೆಗೆ ಲಗ್ನವೇ ಕೂಡಿಬರುವುದಿಲ್ಲ ಎನ್ನುವ ಹಾಗಾಯಿತು. ಟ್ರೈ ಮಾಡದವರೂ ಟ್ರೇ ಮಾಡಿಸಿದರು. ಮಠದ ಕಮಿಟಿಯ ಹಿರಿಯ, ಅರಿಸಿನ ಮಂಡಿಯ ಪುಟ್ಟಮಲ್ಲಪ್ಪನವರು ಕೂಡ ಬೆರಳು ಚೀಪಿಕೊಂಡು, "ಬರೀ ಕಡ್ಲೆಹಿಟ್ಟಲ್ಲಿ ಇಷ್ಟು ಮೆತ್ತಗ ಆದದಾ ಕಣವ್ವ? ಏನ್ ಕೈಗುಣ ನಿಂದು!" ಎಂದು ಪಕ್ಕದವರ ಮುಖ ನೋಡಿ ನಗುತ್ತಿದ್ದರು. ದಾನೇಶ್ವರಿಯೂ ನಗುತ್ತಿದ್ದಳು. ಮೆಚ್ಚುಗೆಯ ನಗು ಎಂದುಕೊಂಡಿದ್ದಳು.

ಈ ತಿಂಡಿಯ ಬಗ್ಗೆ ಅನುಮಾನ ಪಟ್ಟವರು ಒಬ್ಬರೇ, ಮಾದಪ್ಪನ ದೊಡ್ಡಮ್ಮ ಶಿವರುದ್ರಮ್ಮ. ಹೋಟೆಲಿನ ಕಾಫಿ ಕುಡಿದವರಲ್ಲ, ಬೇಕರಿಯ ನೆರಳಲ್ಲಿ ಬಸ್ಸಿಗೆ ನಿಂತವರೂ ಅಲ್ಲ. ಮೊದಲ ಸಲ ಎಲೆಯ ಮೇಲೆ ತುಂಡು ಬಿದ್ದಾಗ ಕೈ ಹಿಂದಕ್ಕೆಳೆದುಕೊಂಡು ಕೇಳಿದ್ದರು:

"ಬೇಕ್ರಿ ಒಲೆಲಿ ಬೆಂದುದ್ದಂತಲ್ಲ ಕಣಮ್ಮಿ. ಮೊಟ್ಟೆ ಗಿಟ್ಟೆ ಸೋಕಿದ್ದಾದಾ?"

ದಾನೇಶ್ವರಿ ಕತ್ತಿನಲ್ಲಿದ್ದ ಲಿಂಗದ ಕರಡಿಗೆಯನ್ನು ಮುಷ್ಟಿಯಲ್ಲಿ ಹಿಡಿದು, "ಲಿಂಗದಾಣೆ ದೊಡ್ಡವ್ವ, ಇಲ್ಲ" ಎಂದಿದ್ದಳು.

ಶಿವರುದ್ರಮ್ಮ ಮತ್ತೆ ಕೇಳಲಿಲ್ಲ. ಆ ದಿನ ತಿಂದರು. ಆಮೇಲೆ ಯಾವ ಮದುವೆಗೆ ಬಂದರೂ, "ನಮ್ ದಾನೇಶ್ವರಿ ಮಾಡಿದ್ದಾ? ಹಂಗಾದ್ರ ಹಾಕು" ಎಂದು ನೋಡದೆಯೇ ಎಲೆ ಮುಂದೊಡ್ಡುತ್ತಿದ್ದರು. ಊರಿನ ಹೊಗಳಿಕೆಯೆಲ್ಲ ಒಂದು ತೂಕವಾದರೆ, ಆ ಮುದುಕಿ ಎಲೆ ಮುಂದೊಡ್ಡುವುದು ದಾನೇಶ್ವರಿಗೆ ಇನ್ನೊಂದು ತೂಕ.

ಚಾಮರಾಜನಗರ ಜಿಲ್ಲೆಯಾದ ವರ್ಷ, ಆ ಶಿವರುದ್ರಮ್ಮನವರ ಮೊಮ್ಮಗಳಿಗೇ ಮದುವೆ. ಗುಂಡ್ಲುಪೇಟೆಯ ಛತ್ರ. ಸಂಜೆ ಟ್ರೇ ತುಂಬುವಾಗ ನೆಂಟರು ಬಂದು ಮಾತಾಡಿಸಿದ ಗಲಾಟೆಯಲ್ಲಿ ದಾನೇಶ್ವರಿ ಕೊನೆಯ ಬೋಗುಣಿಯ ಹಿಟ್ಟಿಗೆ ಉಪ್ಪು ಹಾಕಲಿಲ್ಲ. ಅದು ಹೊಳೆದದ್ದು ಬೆಳಗಿನ ಜಾವ ನೀರು ಕಾಯಿಸುವಾಗ. ಸ್ನಾನ ಬಿಟ್ಟು, ಸೆರಗಿನಲ್ಲಿ ಉಪ್ಪು ಕಟ್ಟಿಕೊಂಡು ಬೇಕರಿಗೆ ಓಡಿದಳು.

ಹಿಂಬಾಗಿಲು ತೆರೆದಿತ್ತು. ಕೆಂಪು ಮೂಲೆಯ ಟ್ರೇಗಳು ಭಟ್ಟಿಯ ಮುಂದೆ ಸಾಲಾಗಿದ್ದವು. ಮೃತ್ಯುಂಜಯ ಪಾತ್ರೆಯೊಂದರಿಂದ ಅವುಗಳೊಳಕ್ಕೆ ಏನೋ ಹೊಯ್ಯುತ್ತಿದ್ದ. ಮಾಸ್ತರ ಹಿಂದಿನಿಂದ ಬ್ರಶ್ಶಿನಲ್ಲಿ ಮೇಲೆ ಬಳಿಯುತ್ತ ಬರುತ್ತಿದ್ದ.

"ಏನ್ಲಾ ಅದು?"

ಮೃತ್ಯುಂಜಯ ಬೆಚ್ಚಿಬಿದ್ದ. "ಅಕ್ಕ! ನೀನ್ಯಾಕ್ ಬಂದ ಇಷ್ಟೊತ್ತಿಗ?"

"ಪಾತ್ರೆಲಿ ಏನ್ಲಾ?"

"ಹಾಲು ಕಣಕ್ಕ."

"ಇಷ್ಟು ಹಳದಿ ಹಾಲು ಯಾವ ಎಮ್ಮೆ ಕೊಡ್ತಲಾ?"

ಮಾಸ್ತರ ಬ್ರಶ್ಶನ್ನು ಬೆನ್ನ ಹಿಂದೆ ಇಟ್ಟುಕೊಂಡು ಸೌದೆ ತರುವ ನೆಪದಲ್ಲಿ ಹೊರಗೆ ಹೋದ.

"ಬಣ್ಣ ಬರ್ಲಿ ಅಂತ ಮ್ಯಾಲೆ ಒಂಚೂರು ಕಣಕ್ಕ, ಅಷ್ಟೇಯ."

ದಾನೇಶ್ವರಿ ಮೂಲೆಯ ಮಂಕರಿಯ ಕಡೆ ಕೈ ತೋರಿಸಿದಳು. ಮೊಟ್ಟೆಯ ಸಿಪ್ಪೆ ಅದರ ಅಂಚು ಮೀರಿತ್ತು. "ಒಂಚೂರಿಗ ಇಷ್ಟು ಸಿಪ್ಪೆನಾ?"

ಇನ್ನು ಸುಳ್ಳು ಹೇಳಿ ಉಪಯೋಗವಿಲ್ಲ ಎಂದು ಗೊತ್ತಾದ ಕೂಡಲೇ ಮೃತ್ಯುಂಜಯನಿಗೆ ಸಿಟ್ಟು ಬಂತು. ತಪ್ಪು ಮಾಡಿದವರಿಗೆ ಬರುವ ಸಿಟ್ಟು ಯಾವಾಗಲೂ ಒಂದು ಕೈ ಜಾಸ್ತಿ.

"ನಾನೇನ್ ಬೇಕೂಂತ ಸುರು ಮಾಡ್ನಾ? ಬನ್ನಿನ ಟ್ರೇ ಹಿಂದ್ಲೇ ನಿನ್ ಟ್ರೇ ಬಂತು, ಮಾಸ್ತರು ಕೈ ಅಬ್ಯಾಸಕ್ಕ ಬಳ್ದ್ಬುಟ್ರು. ಭಟ್ಟಿಗ ಹೋಗದ್ಕೆಲ್ಲ ಬಳಿಯದೇ ಅವ್ರ ಕಸುಬು. ಅವತ್ತೇ ತಾನೆ ಜನ ಎಲ್ಡೆಲ್ಡು ಸಲ ಹಾಕುಸ್ಕಂಡುದ್ದು? ಆಮ್ಯಾಲ ನಾನು ಒಳಕ್ಕೂ ಹುಯ್ತಾ ಬಂದಿ. ಅದ್ಕೂ ಮುಂಚ ನಿನ್ ತಿಂಡಿಗ ಏನಂತಿದ್ರು ಗೊತ್ತಾ? ಇಟ್ಟಿಗ ಅಂತಿದ್ರು."

ದಾನೇಶ್ವರಿ ಅಲ್ಲೇ ಇದ್ದ ಮೈದಾ ಮೂಟೆಯ ಮೇಲೆ ಕುಳಿತಳು. ಮೊಟ್ಟೆ ಒಂದು ಏಟಾದರೆ ಇಟ್ಟಿಗೆ ಇನ್ನೊಂದು ಏಟು. ಯಾವುದು ಹೆಚ್ಚು ನೋಯುತ್ತಿದೆ ಎಂದು ಅವಳಿಗೇ ತಿಳಿಯಲಿಲ್ಲ.

"ಲಿಂಗ ಮುಟ್ಟಿ ಆಣ ಇಟ್ಟಿವ್ನಲ್ಲೋ ದೊಡ್ಡವ್ವಂಗ. ನಿನ್ನ ನಂಬ್ಕಂಡು."

"ಭಾವಂಗೂ ಗೊತ್ತು ಬುಡಕ್ಕ" ಎಂದ ಮೃತ್ಯುಂಜಯ, ಸಮಾಧಾನ ಹೇಳುವವನಂತೆ.

ಮನೆಯಲ್ಲಿ ಮಾದಪ್ಪ ಹೊಸ ಪಂಚೆಯ ಅಂಚು ಸರಿಮಾಡಿಕೊಳ್ಳುತ್ತಿದ್ದ. ಹೆಂಡತಿ ಕೇಳಿದ್ದಕ್ಕೆ ತಲೆ ಎತ್ತದೆ ಹೇಳಿದ:

"ಹೂಂ ಕಣ, ಗೊತ್ತಿತ್ತು. ನಂಗೇನು, ಊರ್ಗೇ ಗೊತ್ತು. ಮೊಟ್ಟೆ ತಿಂದ್ ಗೊತ್ತಿರವ್ರಿಗ ಅದ್ರ ವಾಸ್ನ ಮುಚ್ಚಿಡಕ್ಕಾದದಾ?"

"ನಂಗ್ಯಾಕ್ ಹೇಳ್ನಿಲ್ಲ?"

"ಹೇಳಿದ್ರ ನೀನು ನಿಲ್ಲುಸ್ಬುಡ್ತಿದ್ದ."

ಇಷ್ಟು ಸಲೀಸಾದ ಕಾರಣ. ದಾನೇಶ್ವರಿ ಅದನ್ನು ತಿರುಗಿಸಿ ಮುರುಗಿಸಿ ನೋಡಿದಳು. ಅದರಲ್ಲಿ ತನ್ನ ಬಗ್ಗೆ ಒಂದು ತುಂಡು ಮರುಕವೂ ಸಿಗಲಿಲ್ಲ. ಪುಟ್ಟಮಲ್ಲಪ್ಪನವರು ನಗುತ್ತಿದ್ದುದು, ಹೆಂಗಸರು "ನಿನ್ ಕೈಗುಣ ನಮ್ಗ ಬರಲ್ಲ ಬುಡು" ಎಂದು ಒಬ್ಬರಿಗೊಬ್ಬರು ಮೊಣಕೈ ತಿವಿಯುತ್ತಿದ್ದುದು, ಎಲ್ಲ ಸಾಲಾಗಿ ನೆನಪಾಯಿತು. ಇಷ್ಟು ವರ್ಷ ಇಡೀ ಊರು ಸೇರಿ ಅವಳ ಕಣ್ಣಿಗೆ ಬಟ್ಟೆ ಕಟ್ಟಿ, ಅವಳ ಕೈಯಲ್ಲೇ ಬಡಿಸಿಕೊಂಡು ಉಂಡಿತ್ತು.

"ಹಂಗಾದ್ರ ದೊಡ್ಡವ್ವಂಗ?"

"ಅವ್ರೊಬ್ರಿಗ ಗೊತ್ತಿಲ್ಲ. ಗೊತ್ತಾಗದೂ ಬ್ಯಾಡ. ಮದ್ವೆ ಮನೆ, ಸುಮ್ನಿದ್ಬುಡು."

ದಾನೇಶ್ವರಿ ಸ್ನಾನ ಮಾಡಿದಳು. ಲಿಂಗವನ್ನು ಅಂಗೈಗೆ ತೆಗೆದುಕೊಂಡು ಕುಳಿತಳು. ಪೂಜೆ ಮಾಡದೆ ಹಾಗೇ ಕರಡಿಗೆಗೆ ಇಟ್ಟುಬಿಟ್ಟಳು.

ಛತ್ರದಲ್ಲಿ ಮಧ್ಯಾಹ್ನದ ಅಡುಗೆಗೆ ಬಂದಿದ್ದ ಚೆಲುವಯ್ಯ ಈರುಳ್ಳಿ ಹೆಚ್ಚುತ್ತಿದ್ದ. ದಾನೇಶ್ವರಿ ಅವನ ಮುಂದೆ ಹೋಗಿ ನಿಂತು, "ಈಗಿಂದೀಗ್ಲೆ ಉಪ್ಪಿಟ್ಟು ಆಗ್ಬೇಕು" ಎಂದಳು.

"ಉಪ್ಪಿಟ್ಟಾ? ನಿಮ್ ಮದ್ವೇಲೇಯ?" ಚೆಲುವಯ್ಯ ಕಿವಿಯನ್ನು ನಂಬದೆ ಕೇಳಿದ. ಆದರೂ ಅವಳ ಮುಖ ನೋಡಿ ಬಾಣಲೆ ಇಟ್ಟ.

ಉಪ್ಪಿಟ್ಟು ಇಳಿಯುವ ಹೊತ್ತಿಗೆ ಲಗೇಜ್ ಆಟೊ ಬಂತು. ದಾನೇಶ್ವರಿ ತಡೆಯುವಷ್ಟರಲ್ಲಿ ಟ್ರೇಗಳು ಪಂಕ್ತಿಯ ತುದಿಗೆ ಬಂದು ಕೂತಿದ್ದವು, ಹೊಂಬಣ್ಣಕ್ಕೆ ಉಬ್ಬಿ, ಹೊಳೆಯುತ್ತ. ಅವಳು ಊಟದ ಪಂಕ್ತಿಗಳ ನಡುವೆ ನಿಂತು ಬಾಯಿ ಬಿಟ್ಟು ಹೇಳಿದಳು:

"ಟ್ರೇಲಿ ಮೊಟ್ಟೆ ಅದ. ಯಾರೂ ತಿನ್ಬ್ಯಾಡಿ. ಉಪ್ಪಿಟ್ಟು ಮಾಡ್ಸಿವ್ನಿ."

ಕೂತವರು ಮೊಟ್ಟೆಗೆ ಬೆಚ್ಚಲಿಲ್ಲ, ಅವಳು ಬಾಯಿಬಿಟ್ಟದ್ದಕ್ಕೆ ಬೆಚ್ಚಿದರು. ಎಲ್ಲರೂ ಪುಟ್ಟಮಲ್ಲಪ್ಪನವರ ಕಡೆ ನೋಡಿದರು. ಹಿರಿಯರು ವಿಭೂತಿಯ ಹಣೆಯನ್ನು ಒಮ್ಮೆ ಸವರಿಕೊಂಡರು.

"ಅಷ್ಟು ಜೋರಾಗ್ ಯಾಕವ್ವ ಕೂಗೀಯೇ? ಹೇಳ್ದೇ ಇದ್ರ ಅದು ಮೊಟ್ಟೆ ಅಲ್ಲ. ಹೇಳುದ್ರ ತಾನೇ ಮೊಟ್ಟೆ ಆಗದು?"

ಯಾರೋ ಕಿಸಕ್ಕೆಂದರು. ಇನ್ಯಾರೋ, "ಆರೋಯ್ತದ, ಬಡಿಸ್ರಪ್ಪ" ಎಂದರು. ಮೃತ್ಯುಂಜಯ ಅಕ್ಕನ ಮುಖ ನೋಡದೆ ಚಾಕು ಹಿಡಿದು ಟ್ರೇ ಕತ್ತರಿಸತೊಡಗಿದ. ಉಪ್ಪಿಟ್ಟಿನ ಬಕೆಟ್ಟು ಪಂಕ್ತಿಯುದ್ದಕ್ಕೂ ಹೋಗಿ, ಹೋದಷ್ಟೇ ಭಾರವಾಗಿ ಹಿಂದಿರುಗಿತು.

ದಾನೇಶ್ವರಿ ಒಂದು ಎಲೆಗೆ ಉಪ್ಪಿಟ್ಟು ಹಾಕಿಕೊಂಡು ಹಿಂದಿನ ಕೋಣೆಗೆ ಹೋದಳು. ಶಿವರುದ್ರಮ್ಮ ಪೂಜೆ ಮುಗಿಸಿ, ಗೋಡೆಗೊರಗಿ ಕಾಯುತ್ತಿದ್ದರು.

"ಏನಮ್ಮಿ, ಉಪ್ಪಿಟ್ಟು? ನಿಂದಾಗ್ನಿಲ್ವಾ?"

ದಾನೇಶ್ವರಿ ಎಲೆಯನ್ನು ನೆಲಕ್ಕಿಟ್ಟು ಎದುರಿಗೆ ಕುಳಿತಳು. "ಅದ್ರಲ್ಲಿ ಮೊಟ್ಟೆ ಅದ ದೊಡ್ಡವ್ವ. ಇವತ್ತೊಂದಿನ ಅಲ್ಲ, ವರ್ಸಗಟ್ಲಿಂದಾನೂ. ನನ್ ತಮ್ಮನೇ ಹಾಕುಸ್ತಿದ್ದ. ನಂಗ ಗೊತ್ತಿರ್ನಿಲ್ಲ. ನಿಮ್ಗ ಲಿಂಗದಾಣ ಇಟ್ಟು ತಿನ್ಸ್ಬುಟ್ಟಿ."

ಹೊರಗೆ ಎಲೆಗಳ ಸದ್ದು, ನಗು, "ಇಲ್ಲೊಂದು ತುಂಡು" ಎಂಬ ಕೂಗು. ಶಿವರುದ್ರಮ್ಮನವರ ಕೈ ತಾನಾಗಿ ಎದೆಯ ಮೇಲಿನ ಕರಡಿಗೆಗೆ ಹೋಯಿತು.

"ಮಾದಂಗೂ ಗೊತ್ತಿತ್ತಾ?"

"ಗೊತ್ತಿತ್ತು."

"ಅವ್ರಿಗೆಲ್ಲ?" ಮುದುಕಿ ಪಂಕ್ತಿಯ ಕಡೆ ಗಲ್ಲ ಎತ್ತಿದರು.

"ಎಲ್ಲಾರ್ಗೂ."

"ನಂಗ ಹೇಳಕ್ಕ ನೀನಾದ್ರೂ ಬಂದ. ನಿಂಗ್ಯಾರೂ ಬರ್ನಿಲ್ಲ" ಎಂದರು ಶಿವರುದ್ರಮ್ಮ. ಬೈದಂತಿರಲಿಲ್ಲ, ಕ್ಷಮಿಸಿದಂತೆಯೂ ಇರಲಿಲ್ಲ. ಉಪ್ಪಿಟ್ಟಿನ ಎಲೆಯನ್ನು ಒಂದು ಬೆರಳಿನಿಂದ ಪಕ್ಕಕ್ಕೆ ಸರಿಸಿದರು. "ಬ್ಯಾಡ ಕಣಮ್ಮಿ ಇವತ್ತು. ಬಾಯಾರದ, ಒಂದ್ ಚೊಂಬು ನೀರ್ ಕೊಡು."

ದಾನೇಶ್ವರಿ ನಲ್ಲಿಯ ಹತ್ತಿರ ಹೋಗಿ ಚೊಂಬನ್ನು ಬೂದಿ ಹಾಕಿ ಉಜ್ಜಿದಳು. ತೊಳೆದಳು. ಮತ್ತೆ ತೊಳೆದಳು. ತುಂಬ ನೀರು ಹಿಡಿದು ತಂದು ಎರಡೂ ಕೈಯಲ್ಲಿ ಕೊಟ್ಟಳು.

ಶಿವರುದ್ರಮ್ಮ ಚೊಂಬನ್ನು ಬಾಗಿಲ ಬೆಳಕಿಗೆ ವಾಲಿಸಿ ಒಳಗೆ ನೋಡಿದರು. ಆಮೇಲೆ ಕುಡಿದರು. ದಾನೇಶ್ವರಿ ಕೊಟ್ಟದ್ದನ್ನು ಅವರು ಹಾಗೆ ನೋಡಿ ಬಾಯಿಗಿಟ್ಟದ್ದು ಅದೇ ಮೊದಲು.