ಅರ್ಧ ಕರೆಂಟು

ಆಸ್ಪತ್ರೆಯಲ್ಲಿ ಎಲ್ಲರ ಬಾಯಲ್ಲೂ ಅವಳು ಮೀಟರಕ್ಕ. ಹೊಸ ಯಂತ್ರ ಯಾವುದೇ ಬರಲಿ, ನೆಲಮಾಳಿಗೆಯಲ್ಲಿದ್ದ ಅವಳ ಮೇಜು ದಾಟದೆ ಮೇಲಕ್ಕೆ ಹೋಗುತ್ತಿರಲಿಲ್ಲ. ತನ್ನವರು ಅಂತ ಇದ್ದವನು ತಮ್ಮ ಒಬ್ಬನೇ, ಬಡಗಿ. ಅಪ್ಪ ಅಮ್ಮ ಹೋದಮೇಲೆ ಅವನನ್ನು ಸಾಕಿ, ಮದುವೆ ಮಾಡಿದವಳೂ ಅವಳೇ.

ಒಂದು ಸಲ ನರ ಹುಡುಕುವ ಯಂತ್ರಗಳು ಪರೀಕ್ಷೆಗೆ ಬಂದವು. ಕೈಯನ್ನಷ್ಟೇ ಮರಗಟ್ಟಿಸಬೇಕಾದಾಗ ಡಾಕ್ಟರು ಸೂಜಿಯಲ್ಲಿ ಸಣ್ಣಗೆ ಕರೆಂಟು ಹರಿಸುತ್ತಾರೆ. ಬೆರಳು ಅದುರಿದರೆ ನರ ಹತ್ತಿರದಲ್ಲಿದೆ. ತೀರಾ ಕಡಿಮೆ ಕರೆಂಟಿಗೂ ಅದುರಿದರೆ ಸೂಜಿ ನರಕ್ಕೇ ತಾಗುತ್ತಿದೆ, ಹಿಂದಕ್ಕೆ ಎಳೆಯಬೇಕು. ಪರದೆಯ ಅಂಕಿಯನ್ನು ನಂಬದೆ ಬೇರೆ ದಾರಿಯಿಲ್ಲ. ಮೀಟರಕ್ಕ ಒಂದೊಂದನ್ನೂ ಅಳೆದಳು. ಒಂದು ಯಂತ್ರ ಮಾತ್ರ ತೋರಿಸಿದ್ದರಲ್ಲಿ ಅರ್ಧದಷ್ಟೇ ಕೊಡುತ್ತಿತ್ತು. ಬ್ಯಾಟರಿ ಬದಲಿಸಿದರೂ ಅದೇ ಹಣೆಬರಹ. ಅದಕ್ಕೆ ಕೆಂಪು ಚೀಟಿ ಅಂಟಿಸಿದಳು.

"ಸರ್, ಇದು ಸುಳ್ಳು ಹೇಳ್ತಿದೆ. ಸೂಜಿ ಇನ್ನೂ ದೂರ ಇದೆ ಅನ್ಕೊಂಡು ಒಳಗೆ ತಳ್ಳಿಬಿಡ್ತೀರಿ," ಎಂದಳು ಅರಿವಳಿಕೆ ವಿಭಾಗದ ದೊಡ್ಡ ಡಾಕ್ಟರಿಗೆ.

"ಸರಿ ಬಿಡಮ್ಮ, ನಮ್ಮ ಥಿಯೇಟರಿಗೆ ಅದು ಬೇಡ," ಎಂದು ಅವರು ಬೇರೆಯದನ್ನು ಆರಿಸಿದರು.

ಮುಂದೆ ತಮ್ಮ ಏಣಿಯಿಂದ ಬಿದ್ದು ಮಣಿಕಟ್ಟು ಮುರಿದುಕೊಂಡ. ಹಾಸಿಗೆ ಖಾಲಿಯಿಲ್ಲವೆಂದು ಆಸ್ಪತ್ರೆಯವರು ಊರಾಚೆಯ ತಮ್ಮದೇ ಶಾಖೆಗೆ ಕಳಿಸಿದರು. ಅಲ್ಲಿ ಕೈ ಮರಗಟ್ಟಿಸಿ ಆಪರೇಷನ್ ಮಾಡಿದರು. ಮೂಳೆಯೇನೋ ಕೂಡಿತು. ಬೆರಳುಗಳಿಗೆ ಮಾತ್ರ ಜೀವ ಬರಲಿಲ್ಲ; ಉಳಿ ಹಿಡಿದರೆ ಜಾರಿ ಬೀಳುತ್ತಿತ್ತು.

ಮೀಟರಕ್ಕ ಶಾಖೆಗೆ ಹೋಗಿ ನೋಡಿದಳು. ಟ್ರಾಲಿಯ ಮೇಲೆ ಅದೇ ಯಂತ್ರ. ಕೆಂಪು ಚೀಟಿಯನ್ನು ಅರೆಬರೆ ಕೆರೆದು ತೆಗೆದಿದ್ದರು.

"ಅಲ್ಲಿ ಏನೂ ಇರಲಿಲ್ಲ, ಇದಾದ್ರೂ ಇರಲಿ ಅಂತ ಕಳಿಸಿದ್ವಿ," ಎಂದರು ದೊಡ್ಡ ಡಾಕ್ಟರು, ಅವಳು ವಾಪಸು ಬಂದು ಕೇಳಿದಾಗ. "ಒಳ್ಳೇ ಯಂತ್ರದಲ್ಲೂ ಒಮ್ಮೊಮ್ಮೆ ಹೀಗಾಗುತ್ತೆ. ಇದರಿಂದಲೇ ಆಯ್ತು ಅಂತ ಹೇಳೋಕಾಗುತ್ತಾ?"

ಹೇಳೋಕೆ ಅವಳಿಂದಲೂ ಆಗಲಿಲ್ಲ.

ಅವತ್ತೇ ತಮ್ಮನಿಗೆ ಎಲ್ಲ ತಿಳಿಸಿದಳು. "ಅದು ಕೆಟ್ಟಿದೆ ಅಂತ ನಿಂಗೆ ಗೊತ್ತಿತ್ತಾ, ಅಕ್ಕ?"

"ಗೊತ್ತಿತ್ತು ಕಣೋ. ಅಲ್ಲಿಗೆ ಕಳಿಸಿದ್ದು ಗೊತ್ತಿರ್ಲಿಲ್ಲ."

ಅವನು ಗೋಡೆ ಕಡೆ ತಿರುಗಿ ಮಲಗಿದ. ಅವನ ಹೆಂಡತಿ ಬಾಗಿಲವರೆಗೂ ಬಂದು, "ಸ್ವಲ್ಪ ದಿನ ಈ ಕಡೆ ಬರಬೇಡಿ ಅತ್ತಿಗೆ," ಎಂದಳು.

ಮಾರನೆಯ ಬೆಳಿಗ್ಗೆ ಶಾಖೆಗೆ ಹೋಗಿ, ಎಲ್ಲರೆದುರೇ ಆ ಯಂತ್ರವನ್ನು ನೆಲಕ್ಕೆ ಅಪ್ಪಳಿಸಿ ತುಳಿದಳು. ಆಸ್ತಿ ಹಾಳುಮಾಡಿದಳೆಂದು ಕೆಲಸದಿಂದ ತೆಗೆದರು.

ಈಗ ಗಲ್ಲಿಯೊಂದರಲ್ಲಿ ಫ್ಯಾನು, ಇಸ್ತ್ರಿಪೆಟ್ಟಿಗೆ ರಿಪೇರಿ ಮಾಡುತ್ತಾಳೆ. ತಮ್ಮ ಮರದ ಅಡ್ಡೆಯ ಗೇಟು ಕಾಯುತ್ತಾನೆ. ಹೋದ ವಾರ ಅವನ ಹೆಂಡತಿ ಇಸ್ತ್ರಿಪೆಟ್ಟಿಗೆ ತಂದಳು.

"ಕೈ ಹೇಗಿದೆ?"

"ಹಾಗೇ ಇದೆ."

ಮೀಟರಕ್ಕ ವೈರು ಬದಲಿಸಿ ಕೊಟ್ಟಳು. ಅವಳು ಅದನ್ನು ಚೀಲಕ್ಕೆ ಹಾಕಿಕೊಂಡು, ಕೂರದೆ ಹೊರಟುಹೋದಳು.