ವಿರುದ್ಧ ಕಾಕಾ ಶಿಕರಣಿ ಉಂಡದ್ದು

ಬನಹಟ್ಟಿಯಲ್ಲಿ ಕೃಷ್ಣಾಜಿಯವರ ಮನೆ ಎಲ್ಲಿ ಎಂದು ಕೇಳಿದರೆ ಜನ ತಲೆ ಕೆರೆದುಕೊಳ್ಳುತ್ತಿದ್ದರು. ವಿರುದ್ಧ ಕಾಕಾನ ಮನೆ ಎಂದರೆ ಮಗ್ಗದ ಸದ್ದಿನ ನಡುವೆಯೂ ಕೂಗಿ ದಾರಿ ತೋರಿಸುತ್ತಿದ್ದರು. ಜಮಖಂಡಿಯ ಸರ್ಕಾರಿ ಕಚೇರಿಯೊಂದರಲ್ಲಿ ಗುಮಾಸ್ತರಾಗಿದ್ದ ಅವರಿಗೆ ಆ ಹೆಸರು ಬಂದದ್ದು ಅವರ ಮಾತಿನಿಂದಲೇ. ಹಾಲಿಗೆ ಹುಳಿ ವಿರುದ್ಧ, ಹಾಲಿಗೆ ಬಾಳೆಹಣ್ಣು ವಿರುದ್ಧ, ಬಿಸಿಗೆ ಜೇನುತುಪ್ಪ ವಿರುದ್ಧ, ರಾತ್ರಿಗೆ ಮೊಸರು ವಿರುದ್ಧ. ಮದುವೆಯ ಪಂಕ್ತಿಯಲ್ಲಿ ಫ್ರೂಟ್ ಸಲಾಡ್ ಬಡಿಸುವವರು ಅವರನ್ನು ಕಂಡರೆ ಬಕೆಟ್ಟು ಹಿಡಿದು ಆಚೆ ಸಾಲಿಗೆ ಜಾರಿಕೊಳ್ಳುತ್ತಿದ್ದರು. ನೆರೆಮನೆಯ ಅನ್ನವ್ವ ಮೀನಿನ ಸಾರು ಉಂಡು ಮೇಲೊಂದು ಲೋಟ ಹಾಲು ಕುಡಿಯುವಾಗ ಬಾಗಿಲು ಹಾಕಿಕೊಳ್ಳುತ್ತಿದ್ದಳು.

ಇದು ಅವರ ಹಟವಲ್ಲ, ಋಣ. ನೌಕರಿ ಸೇರಿದ ಹೊಸದರಲ್ಲಿ ಕೃಷ್ಣಾಜಿಯವರ ಹೊಟ್ಟೆ ಪೂರ್ತಿ ಕೆಟ್ಟಿತ್ತು. ತುತ್ತು ಇಳಿದರೆ ಉರಿ, ಇಳಿಯದಿದ್ದರೆ ಸುಸ್ತು. ಅಂಗಿ ಮೈಮೇಲೆ ಜೋತಾಡುವಷ್ಟು ಸೊರಗಿದ್ದಾಗ ಬೀಳಗಿ ಕಡೆಯ ಚನಮಲ್ಲಪ್ಪ ವೈದ್ಯರು ಶುಂಠಿ, ಮಜ್ಜಿಗೆ, ಹಳೆ ಅಕ್ಕಿಯ ಗಂಜಿ ಕೊಟ್ಟು ಎಬ್ಬಿಸಿ ಕೂಡಿಸಿದರು. ಇಂಥದ್ದರ ಜೊತೆ ಇಂಥದ್ದು ತಿನ್ನಬೇಡ ಎಂದೂ ಹೇಳಿದರು. ಬದುಕಿಸಿದವರ ಮಾತು. ಕೃಷ್ಣಾಜಿ ತಾವೂ ಮೀರಲಿಲ್ಲ, ಊರಿಗೂ ಮೀರಗೊಡಲಿಲ್ಲ.

ಮಗಳು ಮೃಣ್ಮಯಿಗೆ ಮುಧೋಳದ ಸಂಬಂಧ ಕೂಡಿಬಂತು. ಹುಡುಗ ನಂದಕಿಶೋರ ಅಲ್ಲಿಯ ಹೈಸ್ಕೂಲಿನಲ್ಲಿ ಮಾಸ್ತರ. ಅವಳಿಗೂ ಒಪ್ಪಿಗೆಯಾಗಿತ್ತು. ಮಗಳನ್ನೂ ಕರೆದುಕೊಂಡು ಮನೆ ನೋಡಲು ಹೋದಾಗ ಊಟಕ್ಕೆ ಕೂಡಿಸಿದರು. ಹುಡುಗನ ಅಜ್ಜಿ, ಬೆನ್ನು ಬಾಗಿದ ಮುದುಕಿ, ತಾನೇ ಬೋಗುಣಿ ಹಿಡಿದು ಬಂದು ಪೂರಿಯ ಪಕ್ಕ ಬಟ್ಟಲು ತುಂಬಿಸಿದಳು. ಹಾಲು, ಸಕ್ಕರೆ, ಏಲಕ್ಕಿ, ಅದರೊಳಗೆ ಹೆಚ್ಚಿ ಹಾಕಿದ ಬಾಳೆಹಣ್ಣು.

"ಹೊಸ ಬೀಗರಿಗೆ ನಮ್ಮ ಮನ್ಯಾಗ ಶಿಕರಣಿನ ಬಡಸೋದ್ರಿ. ಬೆಳಿಗ್ಗೆ ಎದ್ದು ನಾನs ಮಾಡೀನಿ," ಎಂದಳು.

ಕೃಷ್ಣಾಜಿಯವರ ಬಾಯಲ್ಲಿ "ವಿರುದ್ಧ" ಎಂಬ ಮಾತು ಬಂದು ನಿಂತಿತು. ಎದುರು ಸಾಲಿನಲ್ಲಿ ಹೆಂಡತಿ ಶುಭದಾ ತುತ್ತು ಕೈಯಲ್ಲೇ ಹಿಡಿದು ಅವರನ್ನು ನೋಡುತ್ತಿದ್ದರು. ಮೃಣ್ಮಯಿ ಮಾತ್ರ ತಲೆ ಎತ್ತಲಿಲ್ಲ. ಅವಳ ಕಿವಿ ಕೆಂಪಾಗಿತ್ತು. ಆ ಕೆಂಪು ಕಿವಿ ಕಂಡು ಕೃಷ್ಣಾಜಿ ಬಟ್ಟಲು ಎತ್ತಿದರು. ಔಷಧದಂತೆ ನುಂಗಬೇಕೆಂದು ಹೊರಟವರಿಗೆ ರುಚಿ ಹತ್ತಿಬಿಟ್ಟಿತು. ಅಜ್ಜಿ ಮತ್ತೊಮ್ಮೆ ಬಡಿಸಿದಾಗ ಕೈ ಅಡ್ಡ ಮಾಡುವುದು ತುಸು ತಡವಾಯಿತು.

ತಿರುಗಿ ಬರುವಾಗ ಬಸ್ಸಿನಲ್ಲಿ ಹೊಟ್ಟೆಯ ಮೇಲೆ ಕೈಯಿಟ್ಟುಕೊಂಡೇ ಕೂತಿದ್ದರು.

"ಏನಾತು?" ಎಂದರು ಶುಭದಾ.

"ಇನ್ನೂ ಏನೂ ಆಗಿಲ್ಲ."

"ಆಗಲಿ ಅಂತ ಕಾಯಾಕತ್ತೀರೇನು?"

ಮರುದಿನವೂ ಏನೂ ಆಗಲಿಲ್ಲ. ಹಸಿವು ಎಂದಿಗಿಂತ ಬೇಗನೇ ಆಯಿತು. ಕೃಷ್ಣಾಜಿಯವರಿಗೆ ಅದೇ ಸಂಕಟ. ಹಾಗಾದರೆ ಚನಮಲ್ಲಪ್ಪ ಹೇಳಿದ್ದು ಸುಳ್ಳೇ? ಮನಸ್ಸು ತಡೆಯಲಿಲ್ಲ. ರವಿವಾರ ಬೀಳಗಿಯ ಬಸ್ಸು ಹಿಡಿದರು.

ವೈದ್ಯರು ತೀರಿಕೊಂಡಿದ್ದರು. ಅವರ ಹಳ್ಳಿ ಆಲಮಟ್ಟಿ ಅಣೆಕಟ್ಟಿನ ಹಿನ್ನೀರಿನಲ್ಲಿ ಮುಳುಗಿ, ಮಗ ಮುರಗೆಪ್ಪ ಪುನರ್ವಸತಿ ಕೇಂದ್ರದ ಹೊಸ ಮನೆಯಲ್ಲಿ ಅಪ್ಪನ ವೈದ್ಯವನ್ನೇ ನಡೆಸುತ್ತಿದ್ದ. ಕೃಷ್ಣಾಜಿ ತಪ್ಪು ಮಾಡಿದವರಂತೆ ಶಿಕರಣಿಯ ಕಥೆ ಹೇಳಿದರು. ಮುರಗೆಪ್ಪ ನಾಡಿ ನೋಡಿದ, ನಾಲಿಗೆ ನೋಡಿದ.

"ನಮ್ಮಪ್ಪ ಹೇಳಿದ್ದು ಖರೇನs ಐತ್ರಿ. ಆದ್ರ ಅದು ಸೋತ ಹೊಟ್ಟಿಗೆ ಹೇಳಿದ ಮಾತು. ಜಠರದಾಗಿನ ಬೆಂಕಿ ಛಲೋ ಇದ್ದಾವಂಗ, ಸಣ್ಣಂದಿನಿಂದ ರೂಢಿ ಇದ್ದಾವಂಗ ವಿರುದ್ಧ ಅಷ್ಟು ಬಾಧಿಸೂದಿಲ್ಲಂತ ಅವರs ಅಂತಿದ್ರು. ಆ ಅಜ್ಜಿಗೆ ರೂಢಿ ಐತಿ."

"ನನಗೆಲ್ಲಿ ರೂಢಿ ಅದನೋ ಮುರಗೆಪ್ಪ?"

"ನಿಮ್ಮ ಬ್ಯಾನಿ ಹೋಗಿ ಯಾವ ಕಾಲ ಆತ್ರಿ, ಕಾಕಾ. ನಮ್ಮಪ್ಪ ಅದನ್ನ ಆಗs ಬಿಡಿಸಿದ್ರು. ನೀವು ಇನ್ನೂ ಪಥ್ಯ ಹಿಡದs ಕೂತೀರಿ."

ಕೃಷ್ಣಾಜಿ ತಮ್ಮ ಹೊಟ್ಟೆಯ ಮೇಲೆ ಕೈಯಾಡಿಸಿ ನೋಡಿಕೊಂಡರು. ತಾವು ಗುಣವಾಗಿ ಇಷ್ಟು ವರ್ಷವಾಯಿತು, ಅದು ತಮಗೊಬ್ಬರಿಗೇ ಗೊತ್ತಿರಲಿಲ್ಲ. ಎದುರಿಗೆ ಮಾಲೆ ಹಾಕಿದ ಫೋಟೊದಲ್ಲಿ ಚನಮಲ್ಲಪ್ಪ ಎಂದಿನ ಗಂಭೀರ ಮುಖದಲ್ಲೇ ಇದ್ದರು. ಕೃಷ್ಣಾಜಿ ಎದ್ದು ಕೈ ಮುಗಿದಾಗ ಅವರ ಕಣ್ಣು ಒದ್ದೆಯಾಗಿತ್ತು, ಬಾಯಿ ನಗುತ್ತಿತ್ತು.

ಮಾಘದಲ್ಲಿ ಮದುವೆಯಾಯಿತು. ಕಾಕಾ ಸಲಹೆ ಕೊಡುವುದನ್ನೇನೂ ಬಿಡಲಿಲ್ಲ. ಈಗ ಮಾತ್ರ ಮೊದಲು ಎದುರಿನವರನ್ನು ಕೂಡಿಸಿಕೊಂಡು, ಹಸಿವು ಹೇಗಿದೆ, ನಿದ್ದೆ ಹೇಗಿದೆ, ಎಲ್ಲಿಯವರು, ಏನು ಉಂಡು ಬೆಳೆದವರು ಎಂದು ಮೊದಲಿನಿಂದ ವಿಚಾರಿಸುತ್ತಾರೆ.

"ಮೊದಲs ಛಲೋ ಇತ್ತು ಬಿಡ್ರಿ," ಎನ್ನುತ್ತಾಳೆ ಅನ್ನವ್ವ, "ಒಂದು ಮಾತಿನ್ಯಾಗ ಬೈದು ಹೋಗ್ತಿದ್ರು."